ಸ್ಟೇಷನ್ನಿನಿಂದ ದೋಣಿಯವರೆಗೆ ವಡಾಪ

ವಡಾಪ ಗಾಡಿಯ ಕೆಲಸಕ್ಕೆ ಬಿ.ಎ. ಪದವಿ ಬೇಕಾಗಿಲ್ಲ. ನನ್ನ ಹತ್ತಿರ ಅದು ಇತ್ತು. ಇದ್ದದ್ದನ್ನು ಎಲ್ಲಿ ಬಿಸಾಡಲಿ? ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಓದಿದೆ, ಮಾಸ್ತರಿಕೆ ಸಿಗಲಿಲ್ಲ, ಜೀಪು ಸಿಕ್ಕಿತು. ಅಂದಿನಿಂದ ಮೊಣಕಾಲು ಕ್ಲಚ್ಚು ತುಳಿಯಲಾರೆ ಎಂದು ಹಟ ಹಿಡಿಯುವವರೆಗೆ ಇದೇ ನನ್ನ ಉದ್ಯೋಗ.

ವಡಾಪ ಎಂದರೆ ಸೀಟು ತುಂಬಿದ ಮೇಲೆ ಹೊರಡುವ ಗಾಡಿ. ಹೊರಡುವ ಹೊತ್ತು ಇಂಥದ್ದು ಎಂದಿಲ್ಲ, ತುಂಬಿತು ಎನ್ನುವುದಕ್ಕೂ ಅಳತೆ ಇಲ್ಲ. ಈಗ ನಮ್ಮ ಓಣಿಯ ಇಬ್ಬರು ಹುಡುಗರು ಹೊಸ ಗಾಡಿ ತೆಗೆದುಕೊಂಡು ಅಥಣಿ-ಕಾಗವಾಡ ಲೈನಿಗೆ ಇಳಿದಿದ್ದಾರೆ. ಮೊನ್ನೆ ಒಬ್ಬ ಕೇಳಿದ, “ಕಾಕಾ, ನಿಮ್ಮ ಕಾಲದಾಗ ಹಾಡಿನ ಡೆಕ್ಕ ಇತ್ತೇನ್ರಿ?” ನಾನಂದೆ, “ಡೆಕ್ಕ ಯಾಕ ಬೇಕಿತ್ತೋ, ಮಂದಿನ ಇದ್ರಲ್ಲ.” ಅವನು ನಕ್ಕು ಹೋದ. ಅವನು ನಗುವಾಗ ಗಾಡಿ ಇಳಿಜಾರಿನಲ್ಲಿ ನಿಂತಿತ್ತು, ಚಕ್ರಕ್ಕೆ ಕಲ್ಲು ಇರಲಿಲ್ಲ. ನನ್ನ ಎಡಗಾಲು ಚಪ್ಪಲಿಯೊಳಗೇ ಗಟ್ಟಿಯಾಗಿ ನೆಲ ಒತ್ತಿತು. ಆ ಕಾಲಿನ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಲೈನು ಕುಡಚಿ ಸ್ಟೇಷನ್ನಿನಿಂದ ಕೃಷ್ಣಾ ಹೊಳೆಯ ದೋಣಿಯವರೆಗೆ. ರೈಲಿನಿಂದ ಇಳಿದವರು ಹೊಳೆಯ ಗುಂಟ ಕೆಳಗೆ ಹೋಗಿ, ದೋಣಿ ಹತ್ತಿ, ಆಚೆ ದಂಡೆಯ ಅಥಣಿ ತಾಲೂಕಿನ ಊರುಗಳಿಗೆ ಹೋಗಬೇಕು. ಸುತ್ತು ಹಾಕಿ ಹೋಗುವ ದಾರಿ ಇತ್ತು. ಹಾಗೆ ಹೋದವನು ಮದುವೆಗೆ ಹೊರಟಿದ್ದರೆ ಬಾಣಂತನಕ್ಕೆ ಮುಟ್ಟುತ್ತಿದ್ದ. ರೈಲಿಗೆ ದೋಣಿಯ ಗೊಡವೆ ಇಲ್ಲ, ದೋಣಿಗೆ ರೈಲಿನ ಗೊಡವೆ ಇಲ್ಲ. ಇಬ್ಬರು ಸಿಟ್ಟಿನ ಬೀಗರ ನಡುವೆ ಓಡಾಡುವ ಮಧ್ಯಸ್ಥನ ಹಾಗೆ ನಮ್ಮ ಜೀಪು.

ಜೀಪು ಅಲಖನೂರಿನ ಸಾತಪ್ಪಣ್ಣನದು. ಕಬ್ಬಿನ ರೈತ. ಜೀಪನ್ನೂ ಕಬ್ಬಿನ ಗಾಡಿಯಂತೆಯೇ ತಿಳಿದಿದ್ದ ಮನುಷ್ಯ. ನಾನು ಮೊದಲ ದಿನ, ಹಿಂದೆ ಕಾಲಿಡಲು ಜಾಗವಿಲ್ಲ ಎಂದದ್ದಕ್ಕೆ ಕೆಳಗಿನಿಂದ ಮೇಲಿನವರೆಗೆ ನನ್ನನ್ನು ನೋಡಿದ.

“ಎಷ್ಟ ಕಲ್ತಿ ತಮ್ಮಾ?”

“ಬಿ.ಎ. ರಿ.”

“ಅದಕ್ಕ. ಕಲ್ತಾಂವಗ ಗಾಡಿ ತುಂಬಿದ್ಹಂಗ ಕಾಣತೈತಿ. ಆ ಅಜ್ಜಗ ಸ್ವಲ್ಪ ವಾರಿ ಆಗು ಅನ್ನು, ಇನ್ನ ಇಬ್ಬರು ಹಿಡಿತಾರ.”

ಹಿಡಿದರು. ಮೂರನೆಯವನೂ ಹಿಡಿದ, ಅವನ ಕೋಳಿಬುಟ್ಟಿಯೂ ಹಿಡಿಯಿತು.

ಡ್ರೈವರ್ ಕುಡಚಿಯ ದಸ್ತಗೀರ ಚಾಚಾ. ನನ್ನನ್ನು ‘ಮಾಸ್ತರ’ ಎಂದೇ ಕರೆಯುತ್ತಿದ್ದರು, ಅದು ಸಿಗದ ನೌಕರಿಯೆಂದು ಗೊತ್ತಿದ್ದೇ. ನನ್ನ ಕೆಲಸ ಮೂರು: ಮಂದಿಯನ್ನು ಕರೆಯುವುದು, ಕೂರಿಸುವುದು, ದಂಡೆಗೆ ಬಂದಾಗ ಚಕ್ರಕ್ಕೆ ಕಲ್ಲು ಕೊಡುವುದು. ಮೊದಲನೆಯದಕ್ಕೆ ಗಂಟಲು ಬೇಕು. ಎರಡನೆಯದಕ್ಕೆ ಸುತ್ತಲಿನ ಊರುಗಳ ಜಗಳಗಳೆಲ್ಲ ಗೊತ್ತಿರಬೇಕು. ಒಮ್ಮೆ ಬದುವಿನ ಸಲುವಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಗೊತ್ತಿಲ್ಲದೆ ಎದುರುಬದುರು ಸೀಟಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ದಾರಿಯುದ್ದ ಇಬ್ಬರೂ ಚಾವಣಿಯ ತಗಡು ನೋಡಿದರು. ದಂಡೆ ಬಂದಾಗ ತಮ್ಮ, “ಮಾಸ್ತರ, ಈ ಮನಿಶ್ಯಾಗ ಹೇಳ್ರಿ, ಅಂವನ ಮೊಣಕಾಲ ಭಾಳ ಚೂಪ ಅದಾವ,” ಎಂದ. ಅಣ್ಣ, “ಅವ್ವನ ಮೊಣಕಾಲ ಹಂಗ ಇದ್ದೂ ಅಂತ ಹೇಳ್ರಿ ಅಂವಗ,” ಎಂದ. ಅಲ್ಲಿಂದ ಮಾತು ಶುರುವಾಯಿತು, ಜಗಳವೂ ಹೊಸದಾಗಿ ಶುರುವಾಯಿತು. ಇಬ್ಬರನ್ನೂ ಒಂದೇ ದೋಣಿಯಲ್ಲಿ ಕಳಿಸಿ ನಾವು ಹಿಂದೆ ನೋಡದೆ ಬಂದೆವು.

ಇನ್ನೊಮ್ಮೆ ಮಿರಜಿನ ದವಾಖಾನೆಯಿಂದ ಕಾಲಿಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಬಂದವನೊಬ್ಬನನ್ನು ಹಿಂದಿನ ಬಾಗಿಲಿನ ಹತ್ತಿರ ಮಲಗಿಸಿದೆವು. ಕಾಲು ಹೊರಗೆ ಚಾಚಿತ್ತು. ಎಮ್ಮೆಗಳು ಅದನ್ನು ಮೂಸಿ ನೋಡುತ್ತ ಜೀಪಿನ ಹಿಂದೆ ಬಂದವು. ಅವನು ಒಳಗಿನಿಂದ, “ನೆಕ್ಕಾಕತ್ತಾವೋ ಯಪ್ಪಾ, ಓಡಸೋ!” ಎಂದು ಕೂಗಿದ. ಚಾಚಾ ಗಾಡಿ ಓಡಿಸಬೇಕೋ ಎಮ್ಮೆ ಓಡಿಸಬೇಕೋ ತಿಳಿಯದೆ ಹಾರನ್ ಒತ್ತುತ್ತ ಕುಳಿತರು.

ಈ ಕಡೆಯ ವಡಾಪದವನಿಗೆ ಎರಡು ನಾಲಿಗೆ ಬೇಕು. ರಾಯಬಾಗದಿಂದ ಬಂದವರಿಗೆ ಕನ್ನಡ, ನಿಪ್ಪಾಣಿಯಿಂದ ಬಂದವರಿಗೆ ಮರಾಠಿ, ಇಬ್ಬರಿಗೂ ಅರ್ಧರ್ಧ ಎರಡೂ. ಮರಾಠಿಯಲ್ಲಿ ‘ಬಸಾ’ ಎಂದರೆ ಕುಳಿತುಕೊಳ್ಳಿ. ಒಂದು ದಿನ ನಾನು “ಬಸಾ, ಬಸಾ” ಎಂದು ಕರೆಯುತ್ತಿದ್ದರೆ ಒಬ್ಬ ಅಜ್ಜ ಕೋಲೂರಿ ನಿಂತು, “ಬಸ್ ಅಲ್ಲೋ ತಮ್ಮಾ, ಇದು ಜೀಪ ಐತಿ. ಬಿ.ಎ. ಕಲ್ತೂ ಗುರ್ತ ಸಿಗಲಿಲ್ಲೇನ?” ಎಂದ. ಗಾಡಿಯೆಲ್ಲ ನಕ್ಕಿತು. ಭಾಷೆಯ ಗೊಂದಲವೆಂದರೆ ನಮಗೆ ಹೀಗೆ ನಗುವ ವಿಷಯವೇ ಆಗಿತ್ತು, ಆ ಮದುವೆಯ ದಿನದವರೆಗೆ.

ಕೆಲಸ ಬದಲಾದದ್ದನ್ನೂ ಹೇಳಿಬಿಡುತ್ತೇನೆ. ತೊಂಬತ್ತರ ನಂತರ ಗಾಡಿಗಳು ಹೆಚ್ಚಾದವು, ಬ್ರೇಕುಗಳು ಸುಧಾರಿಸಿದವು, ಪಾಳಿ ಬಂತು. ಮಂದಿಯನ್ನು ನಾವು ಕರೆಯುತ್ತಿದ್ದದ್ದು ಹೋಗಿ ಮಂದಿಯೇ ಬಂದು “ಮುಂದಿನ ಪಾಳಿ ಯಾರದ್ರಿ?” ಎಂದು ಕೇಳತೊಡಗಿದರು. ಚಾಚಾ ಸ್ಟಿಯರಿಂಗ್ ನನಗೆ ಕೊಟ್ಟರು. ಆಮೇಲೆ ದಾರಿಗಳು ಸುಧಾರಿಸಿ ದೋಣಿಯ ಮಂದಿ ಕಡಿಮೆಯಾದಾಗ ನಾನು ಚಿಕ್ಕೋಡಿ-ನಿಪ್ಪಾಣಿ ಲೈನಿಗೆ ಹೋದೆ. ಅಲ್ಲಿ ಹೊಳೆಯ ಇಳಿಜಾರಿಲ್ಲ. ಹೋದದ್ದಕ್ಕೆ ಬೇರೆ ಏನೇನೋ ಕಾರಣ ಹೇಳಿದ್ದೆ, ಇದೊಂದೇ ನಿಜವಾದ ಕಾರಣ.

ಆ ಮದುವೆಯ ದಿನ ಎಂಬತ್ತರ ದಶಕದ ಕೊನೆಯದು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಮಳೆಗಾಲದ ನೀರು ಇಳಿದು ದಂಡೆಯ ಇಳಿಜಾರಿನ ಮೇಲೆ ಜೇಡಿಮಣ್ಣು ಬಿಟ್ಟುಹೋಗಿತ್ತು. ನೋಡಲಿಕ್ಕೆ ಒಣಗಿದ ಹಾಗೆ, ತುಳಿದರೆ ಬೆಣ್ಣೆಯ ಹಾಗೆ. ದಸ್ತಗೀರ ಚಾಚಾ ಮಗಳ ಊರಿಗೆ ಹೋಗಿದ್ದರು. ಸಾತಪ್ಪಣ್ಣ ಬದಲಿಗೆ ಕೊಲ್ಲಾಪುರದ ಕಡೆಯ ಪಾಂಡುರಂಗ ಮಾಮಾನನ್ನು ಕರೆತಂದಿದ್ದ. ಮಾಮಾ ಎತ್ತಿನ ಗಾಡಿಯಿಂದ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನಿಂದ ಜೀಪಿಗೆ ಬಂದವನು. ಕೈ ಒಳ್ಳೆಯದು. ಕನ್ನಡ ಮಾತ್ರ “ಹೌದ್ರಿ” ಎನ್ನುವಷ್ಟು.

ರೈಲಿನಿಂದ ಇಳಿದವರಲ್ಲಿ ಒಬ್ಬ ಮದುಮಗ. ನಿಪ್ಪಾಣಿಯ ಹುಡುಗ, ಹೆಸರು ಸುಭಾಷ. ತಲೆಗೆ ಜರಿಯ ಪಟಗಾ, ಕಾಲಿಗೆ ಹೊಸ ಬೂಟು. ದಿಬ್ಬಣದವರೆಲ್ಲ ಹಿಂದಿನ ದಿನವೇ ಲಾರಿಯಲ್ಲಿ ಸುತ್ತುದಾರಿ ಹಿಡಿದು ಆಚೆ ದಂಡೆಯ ಹೆಣ್ಣಿನ ಊರು ಸೇರಿದ್ದರು. ಇವನ ಆಜಿಗೆ, ಅಂದರೆ ತಂದೆಯ ತಾಯಿಗೆ, ಲಾರಿ ಆಗಿಬರುವುದಿಲ್ಲ, ಹೊಟ್ಟೆ ತೊಳೆಸುತ್ತದೆ. ತಂದೆತಾಯಿ ಇಲ್ಲದ ಹುಡುಗನನ್ನು ಸಾಕಿದವಳು ಆಕೆ. ಆಕೆಯನ್ನು ಬಿಟ್ಟು ಅವನು ಬರಲೊಲ್ಲ. ಹಾಗಾಗಿ ಅಜ್ಜಿ ಮೊಮ್ಮಗ ಇಬ್ಬರೇ ರೈಲಿನಲ್ಲಿ ಬಂದಿದ್ದರು. ಆಜಿ ಇಳಿಯುತ್ತಲೇ ನನಗೆ, ತನಗೆ ಕನ್ನಡ ಒಂದಕ್ಷರವೂ ತಿಳಿಯುವುದಿಲ್ಲವೆಂದು ಮರಾಠಿಯಲ್ಲಿ ತಾಕೀತು ಮಾಡಿದಳು.

ಆಜಿಯನ್ನು ಡ್ರೈವರಿನ ಪಕ್ಕ ಕೂರಿಸಿದೆ, ಮದುಮಗನನ್ನು ಅವಳ ಬೆನ್ನಿಗೆ. ಉಳಿದ ಜಾಗಕ್ಕೆ ದಿನದ ಮಂದಿ. ರೈಲು ತಡವಾಗಿತ್ತು. ಮುಹೂರ್ತ ಮೀರುತ್ತದೆಂದು ಮದುಮಗ ಬೆವರು ಒರೆಸುತ್ತಿದ್ದ. ಹೊತ್ತು ಮೀರಿದರೆ ಹೆಣ್ಣಿನ ಕಡೆಯವರು ಏನಂದಾರೋ, ಎಲ್ಲಕ್ಕಿಂತ ಹೆಣ್ಣು ಏನಂದಾಳೋ. ಹಿಂದಿನಿಂದ ಒಬ್ಬ, “ಅಂಜಬ್ಯಾಡ್ರಿ, ಮದುಮಗ ಇಲ್ಲದ ಹ್ಯಾಂಗ ಲಗ್ನ ಮಾಡ್ತಾರ?” ಎಂದ. ಇನ್ನೊಬ್ಬ, “ಬ್ಯಾರೆ ಮದುಮಗ ಸಿಕ್ರ ಮಾಡ್ತಾರ,” ಎಂದ. ಹುಡುಗನ ಬೆವರು ಇನ್ನೂ ಹೆಚ್ಚಾಯಿತು.

ಯಾವಾಗಲೂ ಜೀಪನ್ನು ಇಳಿಜಾರಿನ ಮೇಲೆಯೇ ನಿಲ್ಲಿಸಿ ಮಂದಿಯನ್ನು ನಡೆಸಿ ಕಳಿಸುತ್ತಿದ್ದೆವು. ಅಂದು ಆಜಿ ಜೇಡಿಯಲ್ಲಿ ನಡೆಯಲಾರಳು, ದೋಣಿ ಹೊರಟುನಿಂತಿತ್ತು. ಪಾಂಡುರಂಗ ಮಾಮಾ ಸೀದಾ ನೀರಿನ ಹತ್ತಿರದವರೆಗೆ ಇಳಿಸಿದ. ಮೂತಿ ಹೊಳೆಯ ಕಡೆ. ಬ್ರೇಕ್ ಒತ್ತಿ ಹಿಡಿದು, “ದಗಡ!” ಎಂದು ಕೂಗಿದ. ಕಲ್ಲು ಕೊಡು ಎಂದರ್ಥ. ಕೈಬ್ರೇಕು ಇತ್ತು, ಮನೆಯಲ್ಲಿ ಹಿರಿಯರ ಫೋಟೊ ಇರುವ ಹಾಗೆ.

ನಾನು ಹಿಂದಿನಿಂದ ಜಿಗಿದು, ಕಲ್ಲು ಎತ್ತಿಕೊಂಡು, ಜಾರುತ್ತ ಮುಂದಿನ ಚಕ್ರದ ಕಡೆಗೆ ಬಂದೆ. ಕೆಳಗೆ ದೋಣಿಯ ಪಕ್ಕ ಹೆಣ್ಣಿನ ಸೋದರಮಾವ ಮಲ್ಲಪ್ಪ ನಿಂತಿದ್ದ. ಮದುಮಗನನ್ನು ಎದುರುಗೊಳ್ಳಲು ಆಚೆಯಿಂದ ಬಂದವನು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಗಂಟಲು. ಜೀಪು ಇಂಚಿಂಚು ಜಾರುವುದನ್ನು ಕಂಡು ನನಗೆ ಒದರಿದ:

“ಹಾಕ! ಹಾಕಲೇ! ಲಗೂನ ಹಾಕ!”

ಕಲ್ಲು ಹಾಕು ಎಂದು ಅವನು ನನಗೆ ಹೇಳಿದ್ದು. ಕನ್ನಡ ಬಲ್ಲ ಯಾರಿಗಾದರೂ ಹಾಗೇ ಕೇಳುತ್ತದೆ. ಆದರೆ ಮರಾಠಿಯಲ್ಲಿ, ಎತ್ತಿನ ಗಾಡಿಯ ಮರಾಠಿಯಲ್ಲಿ, ‘ಹಾಕ’ ಎಂದರೆ ಗಾಡಿ ಹೊಡೆ. ಹುಟ್ಟಿದಾಗಿನಿಂದ ಆ ಮಾತಿಗೆ ಎತ್ತುಗಳ ಜೊತೆ ತಾನೂ ಮುಂದಕ್ಕೆ ಹೋದವನು ಪಾಂಡುರಂಗ ಮಾಮಾ. ದೋಣಿಯವರೇ ಕರೆಯುತ್ತಿದ್ದಾರೆ, ಜೀಪನ್ನೇ ದೋಣಿಗೆ ಏರಿಸಬೇಕೇನೋ ಎಂದುಕೊಂಡ. ಬ್ರೇಕಿನಿಂದ ಕಾಲು ತೆಗೆದು, “ಹಾಕತೊ! ಹಾಕತೊ!” ಎಂದು ಉತ್ತರ ಕೊಟ್ಟು, ಗೇರು ಹಾಕಿದ.

ಕಲ್ಲಿಡಲು ಬಗ್ಗಿದ್ದ ನನ್ನ ಎದೆಯ ಮಟ್ಟಕ್ಕೆ ಬಂಪರ್ ಬಂತು. ಇದನ್ನು ಈಗಲೂ ನಿಧಾನವಾಗಿ ಕಾಣುತ್ತೇನೆ: ಬಂಪರಿನ ಮೇಲೆ ಒಣಗಿದ ಸೆಗಣಿ, ಗಾಜಿನ ಹಿಂದೆ ಆಜಿಯ ಬಾಯಿ ತೆರೆದದ್ದು, ಮಾಮಾನ ಮುಖದಲ್ಲಿ ಹೇಳಿದ ಮಾತು ಕೇಳುವ ಒಳ್ಳೆಯ ಕೆಲಸಗಾರನ ಸಂತೋಷ. ನಾನು ಕಲ್ಲಿನ ಸಮೇತ ಪಕ್ಕಕ್ಕೆ ಬಿದ್ದೆ. ಚಕ್ರ ನನ್ನ ಎಡಗಾಲಿನ ಚಪ್ಪಲಿಯ ಮೇಲೆ ಹಾದುಹೋಯಿತು. ಕಾಲು ಅದರಲ್ಲಿ ಇರಲಿಲ್ಲ. ಯಾವಾಗ ತೆಗೆದೆನೋ ಇವತ್ತಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ, ತೆಗೆಯದೆ ಇದ್ದಿದ್ದರೆ ಎಂದು ನೋಡುತ್ತೇನೆ. ಅಲ್ಲಿಗೆ ಗಡ್ಡ ಅರ್ಧಕ್ಕೆ ನಿಲ್ಲುತ್ತದೆ.

ಜೀಪು ದೋಣಿಯನ್ನು ಪಕ್ಕಕ್ಕೆ ತಳ್ಳಿ ನೀರಿಗೆ ಇಳಿಯಿತು. ಬಾನೆಟ್ಟು ಮುಳುಗಿತು, ಇಂಜಿನ್ ಕೆಮ್ಮಿ ಸತ್ತಿತು, ಮುಂದಿನ ಚಕ್ರ ಕೆಸರಿನಲ್ಲಿ ಹೂತು ಗಾಡಿ ನಿಂತಿತು. ನಿಂತಿತು ಎಂದರೆ ಪೂರ್ತಿ ನಿಂತಿರಲಿಲ್ಲ. ಒಳಗೆ ಒಬ್ಬರು ಮಿಸುಕಿದರೆ ಅಂಗೈಯಗಲ ಜಾರುತ್ತಿತ್ತು. ಅದರಾಚೆ ಆಳ.

ಹಿಂದಿನವರು ಒಬ್ಬೊಬ್ಬರಾಗಿ ಹೊರಗೆ ಧುಮುಕಿದರು. ಮದುಮಗನೂ ಹೊರಗೆ ಬಂದ, ತಿರುಗಿ ನೋಡಿದ. ಆಜಿ ಮೊಣಕಾಲ ಮಟ್ಟದ ನೀರಿನಲ್ಲಿ ಕುಳಿತೇ ಇದ್ದಳು. ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿತ್ತು. ಹುಡುಗ ಬೂಟಿನ ಸಮೇತ ಮತ್ತೆ ಒಳಗೆ ಇಳಿದ. ಜೀಪು ಇನ್ನೊಂದು ಅಂಗೈ ಜಾರಿತು.

ದೋಣಿಯವನು ಹಗ್ಗದ ಸುರುಳಿ ಎತ್ತಿ ಬಂದ. ಮಲ್ಲಪ್ಪ ಮಾವ ಎದೆ ತುಂಬ ಉಸಿರು ತೆಗೆದುಕೊಂಡ. ಅವನು ಏನನ್ನುತ್ತಾನೆಂದು ನನಗೆ ಹೊಳೆಯಿತು. ಹಗ್ಗ ಎಸೆ ಎನ್ನುವುದಕ್ಕೂ ಅದೇ ‘ಹಾಕ’. ಮಾಮಾ ಇನ್ನೂ ಸ್ಟಿಯರಿಂಗ್ ಹಿಡಿದೇ ಕುಳಿತಿದ್ದ, ಕೈ ಕೀಲಿಯ ಮೇಲಿತ್ತು.

“ಮಾವಾರ, ಆ ಮಾತ ಆಡಬ್ಯಾಡ್ರಿ!” ಎಂದು ಕಿರುಚಿದೆ.

“ಯಾವ ಮಾತ?”

“ನೀವು ಈಗ ಆಡಾವರಿದ್ರಲ್ಲ, ಅದು! ಒಗಿ ಅನ್ರಿ, ಒಗಿ!”

ಮಲ್ಲಪ್ಪ ಮಾವ ಬಾಯಿಯಲ್ಲಿದ್ದದ್ದನ್ನು ನುಂಗಿ, “ಒಗಿ!” ಎಂದ. ಹಗ್ಗ ಹಿಂದಿನ ಕೊಂಡಿಗೆ ಬಿತ್ತು. ದಂಡೆಯಲ್ಲಿ ದೋಣಿ ಕಟ್ಟುವ ಗೂಟಕ್ಕೆ ಸುತ್ತಿದೆವು. ಗೂಟ ಅಲುಗಿತು. ಇದ್ದವರೆಲ್ಲ ಹಗ್ಗ ಹಿಡಿದು ಹಿಂದಕ್ಕೆ ವಾಲಿದೆವು. ಒಳಗೆ ಸುಭಾಷ ಹಲ್ಲಿನಿಂದ ಸೆರಗು ಹರಿದ. ಆಜಿಯನ್ನು ಸೀಟುಗಳ ಮೇಲಿನಿಂದ ಎಳೆದು, ಹೆಗಲ ಮೇಲೆ ಹೊತ್ತು ಹಿಂದಿನ ಬಾಗಿಲಿನಿಂದ ಹೊರಬಂದ. ಕೊನೆಗೆ ಪಾಂಡುರಂಗ ಮಾಮಾ. ಅವನು ದಂಡೆಗೆ ಬಂದು, ಹಗ್ಗ ಹಿಡಿದು, ಎಲ್ಲರ ಮುಖ ನೋಡಿ, “ಮಲಾಚ ಮ್ಹಣಾಲೇ, ಹಾಕ!” ಎಂದ. ನನಗೇ ಹೇಳಿದರಲ್ಲ, ಹೊಡೆ ಅಂತ.

ಮಲ್ಲಪ್ಪ ಮಾವನಿಗೆ ಅರ್ಥ ತಿಳಿಸಿದಾಗ ಅವನು ರುಮಾಲು ತೆಗೆದು ತಲೆ ಒರೆಸಿಕೊಂಡ. “ಹಂಗಾರ ನಾನ ಹೊಡಸಿದೆ ಅಂದ್ಹಂಗಾತು. ಲೈಸನ್ಸ ಇಲ್ಲೋ ಯಪ್ಪಾ ನನ್ನ ಕಡೆ.”

ಯಾರೋ ನಕ್ಕರು. ಹಗ್ಗ ಹಿಡಿದವರೆಲ್ಲ ನಕ್ಕೆವು, ನಗುತ್ತಲೇ ಹಿಡಿತ ಬಿಗಿ ಮಾಡಿದೆವು. ಆಜಿ ಮಾತ್ರ ನಗಲಿಲ್ಲ. ಒದ್ದೆ ಸೀರೆಯಲ್ಲಿ ದಂಡೆಯ ಕರಿಜಾಲಿಯ ಕೆಳಗೆ ಕುಳಿತು, ಮೊಮ್ಮಗನ ತೋಳನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

“ಮೀ ಯಾ ನದೀತ ಪಾಯ ಠೇವಣಾರ ನಾಹೀ,” ಎಂದಳು. ಈ ಹೊಳೆಯಲ್ಲಿ ಕಾಲಿಡುವುದಿಲ್ಲ. ಅವನೂ ಇಡುವುದಿಲ್ಲ. ಹೊಳೆಯೇ ಬೇಡ ಅಂದಮೇಲೆ ಆಚೆಯ ಸಂಬಂಧವೂ ಬೇಡ.

ಮಲ್ಲಪ್ಪ ಮಾವ ಬೇಡಿಕೊಂಡ. ದೋಣಿಯವನು ತನ್ನ ದೋಣಿ ಒಮ್ಮೆಯೂ ಮುಳುಗಿಲ್ಲವೆಂದು ಆಣೆ ಮಾಡಿದ. “ಜೀಪ ಸುದ್ದಾ ಇವತ್ತಿನ ತನಕಾ ಮುಳುಗಿರಲಿಲ್ಲ,” ಎಂದು ಆಜಿ ಮರಾಠಿಯಲ್ಲೇ ಉತ್ತರ ಕೊಟ್ಟಳು. ಸುಭಾಷ ಆಚೆ ದಂಡೆಯನ್ನು ನೋಡಿದ. ಅಲ್ಲಿ ಮಂದಿ ಸೇರಿದ್ದು ಸಣ್ಣಗೆ ಕಾಣುತ್ತಿತ್ತು.

“ಮಾವಾರ,” ಎಂದ, ಕನ್ನಡದಲ್ಲಿ, “ಇಕೀನ ಬಿಟ್ಟ ನಾ ಬರಂಗಿಲ್ರಿ. ಸಿಟ್ಟಿಗೇಳಬ್ಯಾಡ್ರಿ. ಅವರಿಗೆ ಹೇಳ್ರಿ, ನನ್ನ ಮನಸಿನ್ಯಾಗ ಬ್ಯಾರೆ ಏನಿಲ್ಲ ಅಂತ.”

ಅವರಿಗೆ ಎಂದರೆ ಹೆಣ್ಣಿಗೆ. ಮಲ್ಲಪ್ಪ ಮಾವ ದೋಣಿ ಹತ್ತಿ ಆಚೆ ಹೋದ.

ನಾವು ಹಗ್ಗ ಹಿಡಿದೇ ಇದ್ದೆವು. ಸಾತಪ್ಪಣ್ಣನ ಟ್ರ್ಯಾಕ್ಟರ್ ತರಲು ಒಬ್ಬನನ್ನು ಅಲಖನೂರಿಗೆ ಓಡಿಸಿದ್ದೆವು. ಅದು ಬರುವ ಮೊದಲು ಹಗ್ಗ ಬಿಟ್ಟರೆ ಜೀಪು ಹೊಳೆಯ ಪಾಲಾಗುತ್ತಿತ್ತು. ನನ್ನ ಎಡಗಾಲು ಬರಿಗಾಲು, ಅದನ್ನೇ ಜೇಡಿಗೆ ಊರಿ ನಿಂತಿದ್ದೆ. ಪಕ್ಕದಲ್ಲಿ ಪಾಂಡುರಂಗ ಮಾಮಾ ತನ್ನಷ್ಟಕ್ಕೆ ಆ ಮಾತನ್ನು ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದ, ಬಾಯಿ ಸುಟ್ಟವನು ನಾಲಿಗೆ ಸವರಿಕೊಳ್ಳುವ ಹಾಗೆ. ಮದುವೆ ಮುರಿಯಿತು ಎಂದೇ ಎಲ್ಲರಿಗೂ ಅನಿಸಿತ್ತು.

ಆಗ ಆಚೆಯಿಂದ ದೋಣಿ ಹೊರಟಿತು. ಮೊದಲು ಸನಾದಿಯ ದನಿ ಬಂತು. ಆಮೇಲೆ ದೋಣಿಯ ನಡುವೆ ಹಸಿರು ಸೀರೆ, ಹಣೆಗೆ ಬಾಸಿಂಗ. ಅವಳ ಹಿಂದೆ ತಂದೆತಾಯಿ, ಮಲ್ಲಪ್ಪ ಮಾವ, ಹೂವಿನ ಬುಟ್ಟಿ ಹಿಡಿದ ಪುರೋಹಿತರು. ಸನಾದಿ ಊದುವವನ ಕೆನ್ನೆ ಅಂಜಿಕೆಯಿಂದ ಉಬ್ಬಿತ್ತೋ ಗಾಳಿಯಿಂದಲೋ ಹೇಳುವುದು ಕಷ್ಟ. ದಂಡೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಹುಡುಗಿ ನೀರಿಗೆ ಇಳಿದಳು. ಸೀರೆ ಎತ್ತಿ ಹಿಡಿದು, ಮುಳುಗಿದ ಜೀಪಿನ ಪಕ್ಕದಲ್ಲೇ ಹಾದು, ಮದುಮಗನನ್ನು ನೋಡದೆ ಸೀದಾ ಆಜಿಯ ಮುಂದೆ ಬಂದು ನಿಂತಳು. ಅವಳ ಹೆಸರು ಶೋಭಾ.

“ಆಜೀ, ಮೀ ಆಲೇ,” ಎಂದಳು. ನಾನೇ ಬಂದೆ.

ಆಜಿ ಅವಳ ಒದ್ದೆ ಕಾಲುಗಳನ್ನು ನೋಡಿದಳು. ಜೀಪನ್ನು ನೋಡಿದಳು. ಹಗ್ಗ ಹಿಡಿದು ನಿಂತ ನಮ್ಮ ಸಾಲನ್ನು ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು, “ತುಲಾ ಗಾಡೀ ಹಾಕತಾ ಯೇತೆ ಕಾ?” ಗಾಡಿ ಹೊಡೆಯಲು ಬರುತ್ತದೇನು ನಿನಗೆ?

“ಗಾಡೀ ನಾಹೀ ಆಜೀ,” ಎಂದಳು ಶೋಭಾ. “ಮಾಲಿ ಹಾಕಾಕ ಬರ್ತೈತಿ.”

ಕನ್ನಡ ಒಂದಕ್ಷರವೂ ತಿಳಿಯದ ಆಜಿ ಬಾಯಿಗೆ ಹರಿದ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತಲೇ ಮೊಮ್ಮಗನ ತೋಳು ಬಿಟ್ಟಳು.

ಮದುವೆ ಆ ಕರಿಜಾಲಿಯ ಕೆಳಗೇ ಆಯಿತು. ದಿಬ್ಬಣದವರೂ ಬೀಗರೂ ಬಹುಪಾಲು ಆಚೆ ದಂಡೆಯಲ್ಲೇ ಉಳಿದಿದ್ದರು. ಈಚೆ ಸನಾದಿ ಏರಿದ್ದು ಕೇಳಿ, ಆಗಿರಬೇಕು ಎಂದು ಲೆಕ್ಕ ಹಿಡಿದು, ಅವರು ಕೈಯಲ್ಲಿದ್ದ ಅಕ್ಕಿಕಾಳನ್ನೆಲ್ಲ ಹೊಳೆಗೆ ಎರಚಿದರು. ನಮಗೂ ಪುರೋಹಿತರು ಹಿಡಿಹಿಡಿ ಅಕ್ಕಿ ಕೊಟ್ಟರು. ಟ್ರ್ಯಾಕ್ಟರ್ ಇನ್ನೂ ಬಂದಿರಲಿಲ್ಲ. ಪಾಂಡುರಂಗ ಮಾಮಾ, ನಾನು, ದೋಣಿಯವನು, ಹೆಸರು ಗೊತ್ತಿಲ್ಲದ ಮಂದಿಯೆಲ್ಲ ಒಂದು ಕೈಯಿಂದ ಹಗ್ಗ ಜಗ್ಗಿ ಹಿಡಿದು, ಇನ್ನೊಂದು ಕೈಯಿಂದ ಮದುಮಕ್ಕಳ ಮೇಲೆ ಅಕ್ಕಿ ಎಸೆದೆವು.